ಬಾಗಿಲಿಲ್ಲದ ಹಲಗೆಗಳು

ಪಟ್ಟಣಗಳಲ್ಲಿ ಹೊಸದಾಗಿ ಮನೆ ಕಟ್ಟಿಸುವವರ ನಡುವೆ ಈಗ ಒಂದು ಅಭಿರುಚಿ ಬಲವಾಗಿ ಹಬ್ಬುತ್ತಿದೆ. ಅಡುಗೆಮನೆಯ ಗೋಡೆಯ ಮೇಲ್ಭಾಗದಲ್ಲಿ ಕಪಾಟುಗಳನ್ನು ಕೂರಿಸದೆ, ಬಾಗಿಲಾಗಲಿ ಗಾಜಾಗಲಿ ಇಲ್ಲದ ಬರಿಯ ಹಲಗೆಗಳೆರಡನ್ನೋ ಮೂರನ್ನೋ ನಿಲ್ಲಿಸಿ, ಅವುಗಳ ಮೇಲೆ ಪಾತ್ರೆಪಡಗಗಳನ್ನು ನೋಡುವವರ ಕಣ್ಣಿಗೆ ಹಿತವಾಗುವಂತೆ ಜೋಡಿಸಿಡುವುದೇ ಆ ಅಭಿರುಚಿ. ಗೃಹಾಲಂಕಾರದ ವೃತ್ತಿಯವರು ಇದನ್ನು ‘ಓಪನ್ ಶೆಲ್ಫ್’ ಎಂದು ಕರೆದು, ನಿನ್ನೆಮೊನ್ನೆ ಹಡಗಿನಿಂದ ಇಳಿದು ಬಂದ ಅಪೂರ್ವ ವಸ್ತುವೆಂಬಂತೆ ಬಣ್ಣಿಸುವುದನ್ನು ಕೇಳಿದಾಗ ನಗು ಬಾರದೆ ಇರದು. ಏಕೆಂದರೆ ನಮ್ಮ ನಾಡಿನ ಮನೆಗಳಲ್ಲಿ, ಉಗ್ರಾಣದ ಕೋಣೆಯೊಂದನ್ನು ಬಿಟ್ಟರೆ, ಅಡುಗೆಯ ಸಾಮಗ್ರಿಗೆ ಬಾಗಿಲು ಬಂದದ್ದೇ ತೀರ ಈಚೆಗೆ.

ಹಳೆಯ ಮೈಸೂರು ಸೀಮೆಯ ತೊಟ್ಟಿಮನೆಗಳಲ್ಲಿಯೂ ಮಲೆನಾಡಿನ ಹೆಂಚಿನ ಮನೆಗಳಲ್ಲಿಯೂ ಗೋಡೆಯ ಎತ್ತರದಲ್ಲಿ, ಮರದ ಚಾಚುಗಳ ಆಧಾರದ ಮೇಲೆ ಉದ್ದಕ್ಕೂ ಹಾಯ್ದಿರುತ್ತಿದ್ದ ಹಲಗೆಗೆ ನಾಗಂದಿಗೆಯೆಂದು ಹೆಸರು. ಕಾಲಡಿಗೆ ಏನಾದರೂ ಹಾಕಿಕೊಂಡು ನಿಂತರೆ ಮಾತ್ರ ಎಟುಕುವ ಆ ನೆಲೆಯಲ್ಲಿ, ವರ್ಷಕ್ಕೊಮ್ಮೆ ಕೆಳಗಿಳಿಯುವ ಶ್ಯಾವಿಗೆ ಒರಳು, ಮದುವೆಮುಂಜಿಗಳಿಗೆಂದು ಕಾದಿರಿಸಿದ ದೊಡ್ಡ ತಪ್ಪಲೆಗಳು, ಹಳೆಯ ಉಪ್ಪಿನಕಾಯಿಯ ಭರಣಿ, ಮಕ್ಕಳ ಕೈಗೆ ಸಿಕ್ಕಬಾರದ ಔಷಧದ ಸೀಸೆ, ಇವೆಲ್ಲ ಒಂದರ ಪಕ್ಕಕ್ಕೊಂದು ನೆಲಸಿರುತ್ತಿದ್ದವು. ಉತ್ತರ ಕರ್ನಾಟಕದ ಮಣ್ಣುಗೋಡೆಯ ಮನೆಗಳಲ್ಲಿ ಹಲಗೆಯನ್ನು ಹೊರಗೆ ಚಾಚುವ ಅಗತ್ಯವೇ ಅಷ್ಟಾಗಿ ಇರಲಿಲ್ಲ; ಗೋಡೆಯ ದಪ್ಪದಲ್ಲಿಯೇ ಮಾಡಗಳನ್ನು ಬಿಟ್ಟು ಕಟ್ಟಿ, ದೀಪಕ್ಕೊಂದು, ದೇವರಿಗೊಂದು, ಎಲೆಯಡಿಕೆಯ ಚಂಚಿಗೊಂದು ಎಂದು ಹಂಚಿಕೊಡುತ್ತಿದ್ದರು. ಒಳಕೋಣೆಯ ಮೂಲೆಯಲ್ಲಿ ಅಡಕಲಿ: ನೆಲದ ಮೇಲೆ ಎಲ್ಲಕ್ಕಿಂತ ದೊಡ್ಡ ಗಡಿಗೆ, ಅದರ ಮೇಲೆ ಅದಕ್ಕಿಂತ ಚಿಕ್ಕದು, ಅದರ ಮೇಲೆ ಇನ್ನೂ ಚಿಕ್ಕದು, ಹೀಗೆ ಮಾಳಿಗೆಯತ್ತ ಕಿರಿದಾಗುತ್ತ ಏರುವ ಮಣ್ಣಿನ ಗಡಿಗೆಗಳ ಸ್ತಂಭ. ಪ್ರತಿಯೊಂದು ಗಡಿಗೆಯೂ ಕೆಳಗಿನದಕ್ಕೆ ಮುಚ್ಚಳ, ಮೇಲಿನದಕ್ಕೆ ಪೀಠ; ಬಡಗಿಯ ಸಹಾಯವೇ ಇಲ್ಲದೆ ಕಾಳುಕಡಿ ಬೆಲ್ಲಗಳೆಲ್ಲ ಒಂದು ಮೊಳದಷ್ಟು ನೆಲದಲ್ಲಿ ನಿಂತುಬಿಡುತ್ತಿದ್ದ ಈ ಏರ್ಪಾಡಿನ ಜಾಣ್ಮೆಯನ್ನು ಮೀರಿಸಿದ ಕಪಾಟು ಇನ್ನೂ ಹುಟ್ಟಬೇಕಾಗಿದೆ. ಹಾಲು, ಮೊಸರು, ಬೆಣ್ಣೆಗಳಿಗೆ ಗೋಡೆಯ ಸಂಪರ್ಕವೇ ಬೇಡವೆಂದು ತೊಲೆಯಿಂದ ನೆಲುವನ್ನು ಇಳಿಬಿಡುತ್ತಿದ್ದರು. ಬೆಕ್ಕಿಗೂ ಇರುವೆಗೂ ಅದು ಏಕಕಾಲದಲ್ಲಿ ಉತ್ತರ.

ಈ ಬಗೆಯ ಮನೆಗಳ ಒಳಾಂಗಣವನ್ನು ಕಣ್ಣಾರೆ ಕಾಣಬೇಕೆನ್ನುವವರು ಮಣಿಪಾಲದ ಹಸ್ತಶಿಲ್ಪ ಹೆರಿಟೇಜ್ ವಿಲೇಜಿಗೆ ಒಮ್ಮೆ ಹೋಗಿ ಬರಬಹುದು. ಕೆಡಹಿ ಕಟ್ಟಿಗೆಯ ಬೆಲೆಗೆ ಮಾರಿಹೋಗಲಿದ್ದ ಹಳೆಯ ಮನೆಗಳನ್ನು ಕಂಬಕಂಬವಾಗಿ ಬಿಚ್ಚಿ ತಂದು ಅಲ್ಲಿ ಮತ್ತೆ ನಿಲ್ಲಿಸಿದ ವಿಜಯನಾಥ ಶೆಣೈಯವರ ಸಾಹಸಕ್ಕೆ ಬೇರೆಯ ಲೇಖನವೇ ಬೇಕು.

ನಾಗಂದಿಗೆ, ಮಾಡ, ಅಡಕಲಿ, ನೆಲುವು ಇವುಗಳಲ್ಲಿ ಯಾವುದನ್ನೂ ಅಂದಕ್ಕಾಗಿ ಮಾಡಿದ್ದಲ್ಲ. ದಿನಕ್ಕೆ ಹತ್ತು ಸಲ ಬೇಕಾಗುವುದು ಕೈಯ ಮಟ್ಟದಲ್ಲಿ, ವಾರಕ್ಕೊಮ್ಮೆ ಬೇಕಾಗುವುದು ತಲೆಯ ಮಟ್ಟದಲ್ಲಿ, ವರ್ಷಕ್ಕೊಮ್ಮೆಯದು ಸೂರಿನ ಕೆಳಗೆ ಎಂಬ ಒಂದೇ ನಿಯಮವನ್ನು ಅವು ಪಾಲಿಸುತ್ತಿದ್ದವು. ಅಂದವೆಂಬುದೇನಾದರೂ ಇದ್ದರೆ ಅದು ಆ ನಿಯಮದ ಹಿಂದೆಯೇ ಕರೆಯದೆ ಬಂದದ್ದು. ತೆರೆದ ಹಲಗೆಯನ್ನು ಸಿಂಗರಿಸುವ ವಿದ್ಯೆಯ ಮೂಲಸೂತ್ರ ಇಷ್ಟೇ ಎಂಬುದು ನನ್ನ ನಂಬಿಕೆ.

ತೊಟ್ಟಿಮನೆಗೂ ಇಂದಿನ ಅಪಾರ್ಟ್‌ಮೆಂಟಿಗೂ ನಡುವೆ, ಇತಿಹಾಸಕಾರರ ಗಮನಕ್ಕೆ ಅಷ್ಟಾಗಿ ಬೀಳದ ಒಂದು ಯುಗವಿದೆ. ಅದನ್ನು ಕಡಪ ಕಲ್ಲಿನ ಯುಗವೆನ್ನಬಹುದು. ಕಡಪ ಜಿಲ್ಲೆಯಿಂದ ಬರುವ ಕಪ್ಪು ಸುಣ್ಣಕಲ್ಲಿನ ಚಪ್ಪಡಿಗಳನ್ನು ಗೋಡೆಯೊಳಕ್ಕೆ ಸೇರಿಸಿ ನಾಲ್ಕೈದು ಅಂತಸ್ತು ಮಾಡಿದರೆ ಮಧ್ಯಮವರ್ಗದ ಅಡುಗೆಮನೆ ಸಿದ್ಧ. ಬಡಗಣ ಜಿಲ್ಲೆಗಳಲ್ಲಿ ಈ ಕೆಲಸಕ್ಕೆ ಕಲಬುರಗಿ ಸೀಮೆಯ ಶಹಾಬಾದ್ ಕಲ್ಲು ಒದಗುತ್ತಿತ್ತು. ಗೆದ್ದಲಿನ ಭಯವಿಲ್ಲ, ನೀರಿನ ಭಯವಿಲ್ಲ, ಬೆಲೆಯೂ ಹೆಚ್ಚಲ್ಲ. ಆದರೆ ಸುಣ್ಣಕಲ್ಲಾದುದರಿಂದ ಹುಳಿಯೊಡನೆ ಮಾತ್ರ ಅದಕ್ಕೆ ಹಗೆತನ. ಹುಣಸೆಯ ರಸವೋ ನಿಂಬೆಯ ಹೋಳೋ ಸ್ವಲ್ಪ ಹೊತ್ತು ಕೂತೆದ್ದ ಕಡೆಯಲ್ಲಿ ಕಪ್ಪು ಹೊಳಪು ಅಳಿದು, ಬಿಳಿಚಿದ ಕಲೆಯೊಂದು ಶಾಶ್ವತವಾಗಿ ಉಳಿದುಬಿಡುತ್ತದೆ.

ಆ ಕಲೆಯನ್ನು ಮರೆಸುವುದಕ್ಕೋ, ಕಲ್ಲಿನ ಒರಟಿಗೆ ಪಾತ್ರೆಯ ತಳ ಸವೆಯದಿರಲೆಂದೋ, ಹಲಗೆಯ ಮೇಲೆ ಹಳೆಯ ಪತ್ರಿಕೆಯನ್ನು ಹಾಸುವ ಪದ್ಧತಿ ಬೆಳೆಯಿತು. ಹಾಸುವುದರಲ್ಲಿಯೂ ಒಂದು ಕಲೆಯಿತ್ತು. ಹಾಳೆಯನ್ನು ಹಲಗೆಯ ಅಂಚಿನಿಂದ ನಾಲ್ಕು ಬೆರಳಿನಷ್ಟು ಕೆಳಗಿಳಿಯುವಂತೆ ಅಳೆದು, ಇಳಿಬೀಳುವ ಆ ಭಾಗವನ್ನು ಅಡ್ಡಡ್ಡಲಾಗಿ ಮೇಲಿಂದ ಮೇಲೆ ಮಡಿಸಿ, ಮಡಿಕೆಯ ತುದಿಯನ್ನು ಕತ್ತರಿಯಿಂದ ಓರೆಯಾಗಿ ಒಂದು ಕಡೆ, ಮತ್ತೊಂದು ಕಡೆ ಕತ್ತರಿಸಿ, ನಡುವೆ ಪುಟ್ಟದೊಂದು ರಂಧ್ರವನ್ನು ತೆಗೆದು ಬಿಚ್ಚಿದರೆ, ಉದ್ದಕ್ಕೂ ಒಂದೇ ಅಳತೆಯ ಗೋಪುರಗಳ ಸಾಲು ತೋರಣದಂತೆ ತೂಗುತ್ತಿತ್ತು. ಹಬ್ಬದ ಮುನ್ನಾದಿನಗಳಲ್ಲಿ ಮನೆಯ ಹೆಣ್ಣುಮಕ್ಕಳು ಇದರಲ್ಲಿ ತೋರುತ್ತಿದ್ದ ಕೈಚಳಕವನ್ನು ಯಾವ ಪ್ರದರ್ಶನವೂ ಬಹುಮಾನಕ್ಕೆ ಎಣಿಸಲಿಲ್ಲ. ಸಂಪಾದಕೀಯಗಳು ಕಡಲೆಬೇಳೆ ಡಬ್ಬದ ಕೆಳಗೆ ಶಾಂತವಾಗಿ ಮಲಗಿರುತ್ತಿದ್ದವು. ಭಾನುವಾರದ ಪುರವಣಿಯ ಲೇಖಕರಿಗೂ ಅಂತಿಮವಾಗಿ ಅದೇ ಗತಿಯೆಂದು ಬಲ್ಲವನಾದ್ದರಿಂದ ಇದನ್ನು ವಿನಯದಿಂದಲೇ ಬರೆಯುತ್ತಿದ್ದೇನೆ. ಆ ಹಾಸಿನ ಮೇಲೆ ಎತ್ತರದ ಕ್ರಮದಲ್ಲಿ ಸ್ಟೀಲಿನ ಡಬ್ಬಗಳು, ಹಾರ್ಲಿಕ್ಸ್ ಸೀಸೆಗಳಲ್ಲಿ ಮೆಂತ್ಯ ಸಾಸಿವೆ ಜೀರಿಗೆ, ಗೋಡೆಗೆ ಒರಗಿ ನಿಂತ ಊಟದ ತಟ್ಟೆಗಳು, ಉಡುಗೊರೆ ಕೊಟ್ಟವರ ಹೆಸರನ್ನು ಅಂಚಿನಲ್ಲಿ ಕೆತ್ತಿಸಿಕೊಂಡ ಬೋಗುಣಿಗಳು.

ಕೇವಲ ನೋಟಕ್ಕಾಗಿಯೇ ಗೋಡೆಯನ್ನು ಗೂಡುಗಳಾಗಿ ಕಡೆದವರೂ ಲೋಕದಲ್ಲಿ ಇಲ್ಲದಿಲ್ಲ. ಇರಾನ್ ದೇಶದ ಅರ್ದಬೀಲಿನಲ್ಲಿ ಷೇಕ್ ಸಫಿಯ ಸಮಾಧಿಮಂದಿರಕ್ಕೆ 1611ರಲ್ಲಿ ಷಾ ಅಬ್ಬಾಸನು ಸಾವಿರಕ್ಕೂ ಮಿಕ್ಕ ಚೀನಾದ ಪಿಂಗಾಣಿ ಪಾತ್ರೆಗಳನ್ನು ದಾನವಾಗಿ ಕೊಟ್ಟನು. ಅವುಗಳಿಗಾಗಿ ಅಣಿಗೊಳಿಸಿದ ಚೀನಿಖಾನೆಯ ಗೋಡೆಗಳಲ್ಲಿ ಹೂಜಿ, ಬಟ್ಟಲು, ಕುಡಿಕೆಗಳ ಆಕೃತಿಯಲ್ಲಿಯೇ ಗೂಡುಗಳನ್ನು ಕೊರೆದಿದ್ದಾರೆ. ಆದುದರಿಂದ ಪಾತ್ರೆಯಿಲ್ಲದಾಗಲೂ ಅದರ ನೆರಳು ಅಲ್ಲಿಯೇ ನಿಂತಂತೆ ಕಾಣುತ್ತದೆ. ಪಾರಸಿಕರ ಈ ಅಭಿರುಚಿಯ ಅಲೆ ನಮ್ಮ ದಖ್ಖನಿನ ಸುಲ್ತಾನರನ್ನೂ ಮುಟ್ಟಿತ್ತು. ವಿಜಯಪುರದ ಆಸಾರ್ ಮಹಲಿನ ಮೇಲಂತಸ್ತಿನಲ್ಲಿ ಚಿತ್ರಕಾರರು ಹೂದಾನಿಗಳನ್ನು ಗೋಡೆಯ ಮೇಲೆಯೇ ಬರೆದಿಟ್ಟರು. ಧೂಳು ಒರೆಸುವ ಕಷ್ಟವಿಲ್ಲದ ಹೂದಾನಿ ಅದೊಂದೇ. ನಮ್ಮಲ್ಲಿ ಸಾಮಾನ್ಯ ಗೃಹಸ್ಥರು ನೋಟಕ್ಕೆಂದೇ ಕಟ್ಟುವ ತೆರೆದ ಹಲಗೆಯೆಂದರೆ ನವರಾತ್ರಿಯ ಗೊಂಬೆಗಳ ಮೆಟ್ಟಿಲು. ಮೂರು, ಐದು, ಏಳು, ಒಂಬತ್ತು ಎಂದು ಬೆಸ ಸಂಖ್ಯೆಯಲ್ಲಿ ಏರುವ ಹಂತಗಳ ಮೇಲೆ ಬಿಳಿಯ ಬಟ್ಟೆ ಹಾಸಿ, ಪಟ್ಟದ ಗೊಂಬೆಗಳನ್ನು ಮೊದಲು ಕೂರಿಸಿ, ಉಳಿದವುಗಳಿಗೆ ಆಮೇಲೆ ಸ್ಥಾನ ಕಲ್ಪಿಸುತ್ತಾರೆ. ಆದರೆ ಅದರ ಆಯುಸ್ಸು ಒಂಬತ್ತು ಹತ್ತು ದಿನ ಮಾತ್ರ. ಹಬ್ಬ ಮುಗಿದೊಡನೆ ಗೊಂಬೆಗಳೆಲ್ಲ ಹಳೆಯ ಸೀರೆಯ ತುಂಡುಗಳಲ್ಲಿ ಸುತ್ತಿಸಿಕೊಂಡು ಪೆಟ್ಟಿಗೆ ಸೇರುತ್ತವೆ. ನೋಟದ ಹಲಗೆಗೆ ಅವಧಿಯೊಂದನ್ನು ಗೊತ್ತುಮಾಡಿದ ಹಿರಿಯರ ವಿವೇಕವನ್ನು ಮೆಚ್ಚಬೇಕು.

ಇನ್ನು ಇಂದಿನ ಮನೆಯ ಮಾತು. ಹಲಗೆಯ ಚೆಲುವನ್ನು ಮೊಟ್ಟಮೊದಲು ಕೆಡಿಸುವುದು ಅದರ ಬಾಗು. ಅಂಗಡಿಯ ಚಿತ್ರಗಳಲ್ಲಿ ಕಾಣುವ, ಆಧಾರವೇ ಕಾಣದ ಆರಡಿಯ ಹಲಗೆಗೆ ಮನಸೋತು ತಂದು, ಅದರ ಮೇಲೆ ಅಕ್ಕಿಬೇಳೆಗಳ ಡಬ್ಬಗಳನ್ನು ಹೇರಿದವರು ವರ್ಷ ಕಳೆಯುವುದರೊಳಗೆ ನಡುವಿನಲ್ಲಿ ತಗ್ಗನ್ನು ಕಾಣುತ್ತಾರೆ. ಯಂತ್ರಶಾಸ್ತ್ರ ಇಲ್ಲಿ ಬಹಳ ನಿಷ್ಠುರವಾಗಿದೆ: ಒಂದೇ ಸಮನಾಗಿ ಸಾಮಾನು ಜೋಡಿಸಿದ ಹಲಗೆಯ ಎರಡು ಆಧಾರಗಳ ನಡುವಣ ಅಂತರವನ್ನು ಇಮ್ಮಡಿಸಿದರೆ ಬಾಗು ಇಮ್ಮಡಿಯಾಗುವುದಿಲ್ಲ, ಹದಿನಾರು ಮಡಿಯಾಗುತ್ತದೆ, ಹಲಗೆಯ ದಪ್ಪವನ್ನು ಇಮ್ಮಡಿಸಿದರೆ ಅದು ಎಂಟನೆಯ ಒಂದು ಪಾಲಿಗೆ ಇಳಿಯುತ್ತದೆ. ಆದುದರಿಂದ ಎರಡೂವರೆ ಮೂರು ಅಡಿಗೊಂದು ಗಟ್ಟಿ ಬ್ರಾಕೆಟ್ ಇರಲಿ, ಅದು ಕಣ್ಣಿಗೆ ಕಂಡರೂ ಕಾಣಲಿ. ನಾಗಂದಿಗೆಯ ಚಾಚುಗಳು ನಾಚಿಕೊಂಡು ಅಡಗಿ ಕೂತಿರಲಿಲ್ಲ.

ಜೋಡಣೆಯ ವಿಷಯದಲ್ಲಿ ನನ್ನ ಪಕ್ಷಪಾತವನ್ನು ಮುಚ್ಚಿಡಲಾರೆ. ಕೆಳಗಿನ ಹಲಗೆಯಲ್ಲಿ ದಿನದ ಲೋಟ, ಬಟ್ಟಲು, ತಟ್ಟೆ, ಕಾಫಿಯ ಫಿಲ್ಟರು. ಮೇಲಿನದರಲ್ಲಿ ಹಬ್ಬಹರಿದಿನಗಳ ಹಿತ್ತಾಳೆ ಕಂಚುಗಳು. ಒಂದು ಲೋಹದ್ದು ಒಂದು ಗುಂಪಾಗಿದ್ದರೆ ಕಣ್ಣಿಗೆ ದಣಿವಿಲ್ಲ. ಸ್ಟೀಲಿನ ನಡುವೆ ಒಂಟಿಯಾಗಿ ಸಿಕ್ಕಿಬಿದ್ದ ತಾಮ್ರದ ಚೊಂಬು ಮಾತ್ರ ಯಾವಾಗಲೂ ಪರಸ್ಥಳದಿಂದ ಬಂದ ಹಾಗೆಯೇ ಕಾಣುತ್ತದೆ. ಹಲಗೆಯ ಮೂರನೆಯ ಒಂದು ಪಾಲನ್ನಾದರೂ ಬರಿದಾಗಿ ಬಿಡಬೇಕು. ತೊಳೆದು ತಂದ ಪಾತ್ರೆಯನ್ನು ಮತ್ತೊಂದನ್ನು ಸರಿಸದೆ ಇಡುವಂತಿದ್ದರೆ ಮಾತ್ರ ಜೋಡಣೆ ಮರುದಿನವೂ ಉಳಿಯುತ್ತದೆ. ಹಿಂದಿನ ಗೋಡೆಗೆ ತಿಳಿಯಾದ ಒಂದೇ ಬಣ್ಣವಿರಲಿ. ಇವೆಲ್ಲ ಇದ್ದೂ ಕೆಲವರು, ಎಂದೂ ಏನನ್ನೂ ತೂಗದ ತಕ್ಕಡಿ, ಪ್ಲಾಸ್ಟಿಕ್ಕಿನ ಬಳ್ಳಿ, ಸೇರುಪಾವುಗಳ ಒಳಗೆ ತುರುಕಿದ ಒಣಹೂವು ಇವುಗಳನ್ನು ಕೊಂಡು ತಂದು ಹಲಗೆಯನ್ನು ತುಂಬುತ್ತಾರೆ. ಅಕ್ಕಿ ಅಳೆಯದ ಪಾವನ್ನು ಅಡುಗೆಮನೆಯಲ್ಲಿ ಇಡುವುದಕ್ಕಿಂತ ಆ ಜಾಗವನ್ನು ಖಾಲಿ ಬಿಡುವುದು ಮೇಲು.

ಹೊಳೆಯುವ ಗಾಜಿನ ಸೀಸೆಗಳಲ್ಲಿ ಬಣ್ಣಬಣ್ಣದ ಪುಡಿಗಳನ್ನು ತುಂಬಿ ಕಿಟಕಿಯ ಬಳಿ ಸಾಲಾಗಿಡುವ ಚಪಲವೂ ಅಪಾಯಕರವೇ. ಬೆಳಕಿಗೆ ಅರಿಸಿನದ ಬಣ್ಣ ಮಾಸುತ್ತದೆ, ಮೆಣಸಿನಪುಡಿಯ ಕೆಂಪು ಇಳಿಯುತ್ತದೆ, ಕಾಫಿಪುಡಿಯ ಪರಿಮಳವಂತೂ ಬೆಳಕು, ಗಾಳಿ ಎರಡಕ್ಕೂ ಹೆದರುತ್ತದೆ. ಗಾಜಿನಲ್ಲಿ ಬೇಳೆಕಾಳುಗಳು ಇರಲಿ; ಪುಡಿಗಳು ಡಬ್ಬದಲ್ಲಿಯೂ ಉಪ್ಪಿನಕಾಯಿ ಭರಣಿಯಲ್ಲಿಯೂ ಕಣ್ಮರೆಯಾಗಿಯೇ ಇರಲಿ. ಹಿತ್ತಾಳೆ ತಾಮ್ರಗಳನ್ನು ಇಡುವವರು ಹುಣಸೆಹಣ್ಣಿನ ಋಣಕ್ಕೆ ಬಿದ್ದರೆಂದೇ ಲೆಕ್ಕ. ಲೋಹದ ಮೇಲೆ ಕಟ್ಟುವ ಕಂದುಪೊರೆಯನ್ನು ಅದರ ಹುಳಿ ಕರಗಿಸುತ್ತದೆ, ಆದರೆ ಕರಾವಳಿಯ ತೇವದ ಗಾಳಿಯಲ್ಲಿ ಆ ಹೊಳಪು ಬೇಗನೆ ಮತ್ತೆ ಮಂಕಾಗುತ್ತದೆ. ಅಡುಗೆಗೂ ಬಳಸುವುದಾದರೆ ಒಳಮೈಗೆ ಕಲಾಯಿ ಇರಲೇಬೇಕು, ಕಲಾಯಿಯವನೋ ಈಗ ಕೂಗಿಕೊಂಡು ಬೀದಿಗೆ ಬರುವುದಿಲ್ಲ.

ಬಾಗಿಲಿಲ್ಲದ ಹಲಗೆಯ ನಿಜವಾದ ಬೆಲೆ ಇರುವುದು ಒಗ್ಗರಣೆಯಲ್ಲಿ. ಎಣ್ಣೆಯ ಹೊಗೆ ಮೇಲೇರಿ ತಂಪಾದ ಪಾತ್ರೆಯ ಮೇಲೆ ಜಿಡ್ಡಾಗಿ ಕೂರುತ್ತದೆ, ಆ ಜಿಡ್ಡಿಗೆ ಧೂಳು ಅಂಟುತ್ತದೆ. ದಿನವೂ ಇಳಿದು ತೊಳೆಸಿಕೊಳ್ಳುವ ಪಾತ್ರೆಗೆ ಇದರಿಂದ ಬಾಧೆಯಿಲ್ಲ, ಕೂತಲ್ಲೇ ಕೂತಿರುವ ಪಾತ್ರೆಗೇ ಎಲ್ಲ ಶಿಕ್ಷೆ. ಹಿಂದಿನವರು ಯುಗಾದಿಗೊಮ್ಮೆ, ನವರಾತ್ರಿಗೊಮ್ಮೆ ಎಲ್ಲವನ್ನೂ ಅಂಗಳಕ್ಕೆ ಇಳಿಸಿ ತೊಳೆಯುತ್ತಿದ್ದರು. ಒಲೆಯ ನೇರ ಮೇಲಿನ ಹಲಗೆಗೆ ಈಗ ತಿಂಗಳಿಗೊಮ್ಮೆಯಾದರೂ ಆ ಉಪಚಾರ ಬೇಕು. ಅಷ್ಟು ವ್ಯವಧಾನವಿಲ್ಲದವರು ಒಲೆಯಿಂದ ದೂರದ ಗೋಡೆಯನ್ನು ಆರಿಸಿಕೊಳ್ಳಲಿ, ಇಲ್ಲವೆ ಬಾಗಿಲುಳ್ಳ ಕಪಾಟನ್ನೇ ಇಟ್ಟುಕೊಳ್ಳಲಿ. ಅದರಲ್ಲಿ ಅವಮಾನವೇನೂ ಇಲ್ಲ. ಬಾಡಿಗೆಯ ಮನೆಯವರಿಗೆ, ಗೋಡೆ ಕೊರೆಯಲು ಮಾಲೀಕರ ಒಪ್ಪಿಗೆ ದೊರೆಯದಿದ್ದಲ್ಲಿ, ಪಾತ್ರೆಯಂಗಡಿಗಳಲ್ಲಿ ಸಿಗುವ ಸ್ಟೀಲಿನ ತಟ್ಟೆ ಸ್ಟ್ಯಾಂಡು ಇದ್ದೇ ಇದೆ. ಎರಡು ಮೊಳೆಗಳ ಮೇಲೆ ತೂಗುವ ಆ ಒಂದು ಚೌಕಟ್ಟಿನಲ್ಲಿ ತಟ್ಟೆಗೆ ಗೀರು, ಲೋಟಕ್ಕೆ ಕೊಕ್ಕೆ, ಸೌಟು ಚಮಚಗಳಿಗೆ ಬುಟ್ಟಿ ಎಲ್ಲವೂ ಅಡಕವಾಗಿವೆ. ತೊಳೆದಿಟ್ಟ ಪಾತ್ರೆಯ ನೀರು ತಾನಾಗಿ ಸೋರಿಹೋಗುತ್ತದೆ, ಮನೆ ಬದಲಿಸುವ ದಿನ ಬಿಚ್ಚಿಕೊಂಡು ಹೊರಡುವುದಕ್ಕೆ ಐದು ನಿಮಿಷ ಸಾಕು.