ಹಸ್ತಪ್ರತಿಗಳ ಡಿಜಿಟಲ್ ಸಂಗ್ರಹ: ಸರ್ವರ್‌ನ ಹಾರ್ಡ್ ಡಿಸ್ಕ್ ವಿಸ್ತರಣೆ

ಓಲೆಗರಿ ಶಾಶ್ವತವಲ್ಲ, ಪ್ರಾಚೀನ ಕೃತಿಗಳು ಉಳಿದುಬಂದುದು ಪ್ರತಿಯಿಂದ ಪ್ರತಿಗೆ ಸಾಗಿ. ಅತ್ತಿಮಬ್ಬೆಯು ಪೊನ್ನನ ‘ಶಾಂತಿಪುರಾಣ’ದ ಸಾವಿರ ಪ್ರತಿಗಳನ್ನು ಮಾಡಿಸಿದಳೆಂಬುದು ಸಾಹಿತ್ಯಚರಿತ್ರೆಯಲ್ಲಿ ಪ್ರಸಿದ್ಧವಾದ ಸಂಗತಿ. ಹಸ್ತಪ್ರತಿಗಳ ಛಾಯಾಬಿಂಬಗಳು ಇಂದು ವಿಭಾಗಗಳ ಸಣ್ಣ ಸರ್ವರ್‌ಗಳಲ್ಲಿ ಶೇಖರವಾಗುತ್ತಿವೆ. ಹಾರ್ಡ್ ಡಿಸ್ಕ್ ಕೂಡ ಸವೆಯುವ ವಸ್ತುವೇ ಆದುದರಿಂದ ಅದನ್ನು ಬದಲಿಸುವ ಕ್ರಮವನ್ನು ಸಂಶೋಧಕರೂ ಅರಿತಿರುವುದು ಅಗತ್ಯ.

ಮೊದಲಿಗೆ ಗಾತ್ರದ ಪ್ರಶ್ನೆ. ಯೂನಿಕೋಡ್‌ನ ಯುಟಿಎಫ್-8 ರೂಪದಲ್ಲಿ ಕನ್ನಡದ ಪ್ರತಿ ಸಂಕೇತಕ್ಕೆ 3 ಬೈಟ್ ಬೇಕು. ‘ಕ್ಷ’ ಎಂಬ ಒಂದು ಸಂಯುಕ್ತಾಕ್ಷರವು ಮೂರು ಸಂಕೇತಗಳಿಂದಾಗಿ 9 ಬೈಟ್ ಪಡೆಯುತ್ತದೆ. ಆದರೂ 2,000 ಸಂಕೇತಗಳ ಒಂದು ಪುಟಕ್ಕೆ 6,000 ಬೈಟ್ ಸಾಕು. ಅದೇ ಎ4 ಪುಟವನ್ನು ಅಂಗುಲಕ್ಕೆ 600 ಬಿಂದುಗಳಂತೆ, ವರ್ಣಸಹಿತವಾಗಿ, ಸಂಕುಚಿಸದೆ ಸ್ಕ್ಯಾನ್ ಮಾಡಿದರೆ ಸುಮಾರು 10.4 ಕೋಟಿ ಬೈಟ್ ಆಗುತ್ತದೆ. ಒಂದು ಟೆರಾಬೈಟ್ ಡಿಸ್ಕಿನಲ್ಲಿ ಇಂತಹ ಸುಮಾರು 9,500 ಪುಟಗಳು ಮಾತ್ರ ಹಿಡಿಯುತ್ತವೆ.

ಸಣ್ಣ ಸರ್ವರ್‌ಗಳಲ್ಲಿ ಸಾಮಾನ್ಯವಾಗಿ ಎರಡು ಡಿಸ್ಕುಗಳ ‘ರೇಡ್-1’ ವ್ಯವಸ್ಥೆ ಇರುತ್ತದೆ. ರೇಡ್ ಪರಿಕಲ್ಪನೆಯನ್ನು ಪ್ಯಾಟರ್‌ಸನ್, ಗಿಬ್ಸನ್ ಮತ್ತು ಕಾಟ್ಜ್ 1988ರ ಪ್ರಬಂಧದಲ್ಲಿ ನಿರೂಪಿಸಿದರು. ರೇಡ್-1ರಲ್ಲಿ ಒಂದರಲ್ಲಿ ಬರೆದದ್ದು ಇನ್ನೊಂದರಲ್ಲೂ ದಾಖಲಾಗುತ್ತದೆ. ಒಂದು ಕೆಟ್ಟರೂ ಮತ್ತೊಂದು ಉಳಿಯುತ್ತದೆ.

ವಿಸ್ತರಣೆಯ ಕ್ರಮ ಹೀಗಿದೆ:

1. ಸಂಪೂರ್ಣ ಸಂಗ್ರಹವನ್ನು ಬೇರೊಂದು ಡಿಸ್ಕಿಗೆ ನಕಲಿಸಿ, ಚೆಕ್‌ಸಮ್ ಮೂಲಕ ಮೂಲದೊಡನೆ ಹೋಲಿಸಬೇಕು.

2. ಹಳೆಯ ಎರಡು ಡಿಸ್ಕುಗಳಲ್ಲಿ ಒಂದನ್ನು ಮಾತ್ರ ತೆಗೆದು, ದೊಡ್ಡ ಡಿಸ್ಕನ್ನು ಜೋಡಿಸಬೇಕು. ಹೊಸದಕ್ಕೆ ಮಾಹಿತಿ ತುಂಬುವವರೆಗೆ ಸರ್ವರ್‌ನಲ್ಲಿ ಪೂರ್ಣಪ್ರತಿ ಇರುವುದು ಉಳಿದ ಹಳೆಯ ಡಿಸ್ಕಿನಲ್ಲಷ್ಟೇ. ಇದೇ ಅತ್ಯಂತ ಅಪಾಯದ ಅವಧಿ.

3. ಮರುನಿರ್ಮಾಣ ಪೂರ್ಣಗೊಂಡುದನ್ನು ಖಚಿತಪಡಿಸಿಕೊಂಡ ಬಳಿಕವೇ ಎರಡನೆಯದನ್ನು ಬದಲಿಸಬೇಕು.

4. ಕೊನೆಗೆ ರೇಡ್, ವಿಭಜನೆ ಹಾಗೂ ಕಡತವ್ಯವಸ್ಥೆಗಳನ್ನು ಕ್ರಮವಾಗಿ ಹಿಗ್ಗಿಸಬೇಕು. ಹಳೆಯ ಎಂಬಿಆರ್ ಪದ್ಧತಿಯು ಸಾಮಾನ್ಯವಾಗಿ ಸುಮಾರು 2.2 ಟೆರಾಬೈಟ್‌ಗಿಂತ ಆಚೆಗಿನ ಜಾಗವನ್ನು ಗುರುತಿಸಲಾರದು. ಅದಕ್ಕೆ ಜಿಪಿಟಿ ಪದ್ಧತಿ ಬೇಕು.

ಇಲ್ಲಿ ಒಂದು ಭ್ರಮೆಯನ್ನು ನಿವಾರಿಸಿಕೊಳ್ಳಬೇಕಾಗಿದೆ. ರೇಡ್-1 ಯಂತ್ರದೋಷದಿಂದ ರಕ್ಷಿಸುತ್ತದೆಯೇ ಹೊರತು ಮಾನವದೋಷದಿಂದಲ್ಲ. ಅಳಿಸಿದ ಕಡತವು ಎರಡೂ ಡಿಸ್ಕುಗಳಿಂದ ಅಳಿಯುತ್ತದೆ. ಮೂಲಪ್ರತಿಯ ಸ್ಖಾಲಿತ್ಯ ನಕಲುಪ್ರತಿಗೂ ಇಳಿಯುವಂತೆಯೇ ಇದು. ಆದ್ದರಿಂದ ಮತ್ತೊಂದು ಪ್ರತಿ ಬೇರೆ ಕಟ್ಟಡದಲ್ಲಿರುವುದು ಅನಿವಾರ್ಯ.

ನಕಲು ಮೂಲದಂತೆಯೇ ಇದೆಯೆಂಬುದನ್ನು ಚೆಕ್‌ಸಮ್ ಹೇಳಬಲ್ಲದು. ಸ್ಕ್ಯಾನ್ ಮಾಡುವಾಗಲೇ ಒಂದು ಗರಿ ಬಿಟ್ಟುಹೋಗಿದ್ದರೆ ಅದು ಹೇಳಲಾರದು. ಹಸ್ತಪ್ರತಿಯನ್ನು ಓದಬಲ್ಲವರೇ ಅದನ್ನು ಗುರುತಿಸಬೇಕು. ಹಳೆಯ ಡಿಸ್ಕುಗಳನ್ನು ವಿಲೇವಾರಿ ಮಾಡುವ ಮುನ್ನ ವಿಭಾಗದ ಅಧ್ಯಾಪಕರು ಗರಿಗಳ ಸಂಖ್ಯೆಯನ್ನು ಸೂಚಿಯೊಡನೆ ತಾಳೆ ನೋಡುವುದು ಈ ಕಾರಣದಿಂದಲೇ ಅವಶ್ಯಕ.