ಸೋತ ಭುಜ

ವ್ಯಾಯಾಮಶಾಲೆಯಲ್ಲಿ ಭಾರವನ್ನು ತಲೆಯ ಮೇಲೆತ್ತಿದ್ದಾಗ ನನ್ನ ಬಲಭುಜದ ಕೀಲು ತಪ್ಪಿತು. ವೈದ್ಯರು ಅದನ್ನು ಕೂಡಿಸಿದ ಮೇಲೂ ತೋಳು ಪಕ್ಕಕ್ಕೆ ಏಳಲೊಲ್ಲದು. ಭುಜದ ಹೊರಮೈಯಲ್ಲಿ ಅಂಗೈಯಗಲ ಸ್ಪರ್ಶವೇ ಇಲ್ಲ. ಸ್ನಾಯು ಮಾತ್ರ ಹರಿದಿದ್ದರೆ ಚರ್ಮವೇಕೆ ಮರಗಟ್ಟಬೇಕು? ಕಾರಣ, ನರ. ಕತ್ತಿನ 5 ಮತ್ತು 6ನೆಯ ನರಮೂಲಗಳಿಂದ ಬರುವ ಕಂಕುಳ ನರವು ತೋಳುಮೂಳೆಯ ಕೊರಳನ್ನು ಬಳಸಿಕೊಂಡು ಹೋಗಿ, ಭುಜವನ್ನು ಹೊದ್ದಿರುವ ದಪ್ಪ ಸ್ನಾಯುವಿಗೂ ಅದರ ಮೇಲಿನ ಚರ್ಮಕ್ಕೂ ಕವಲೊಡೆಯುತ್ತದೆ. ಕೀಲು ಜಾರಿದಾಗ ಎಳೆತಕ್ಕೆ ಸಿಕ್ಕುವುದು ಇದೇ. ಹಿಗ್ಗಿ ನೊಂದ ನರ ಸಾಮಾನ್ಯವಾಗಿ ತಾನೇ ಚೇತರಿಸಿಕೊಳ್ಳುತ್ತದೆ; ಒಳಗಿನ ಎಳೆಗಳು ತುಂಡಾಗಿದ್ದರೆ ದಿನಕ್ಕೆ ಸುಮಾರು 1 ಮಿಲಿಮೀಟರಿನಂತೆ ಮರಳಿ ಬೆಳೆಯಬೇಕು. ಗೆಳೆಯರು ಹೇಳುವ ಎಣ್ಣೆಯ ನೀವಿಕೆ (ಹಿತವೇನೋ ಹೌದು) ಈ ನಡಿಗೆಯನ್ನು ಚುರುಕುಗೊಳಿಸದು. ಕೆಲವು ತಿಂಗಳಾದರೂ ಸ್ನಾಯು ಮಿಸುಕದಿದ್ದರೆ ಶಸ್ತ್ರಚಿಕಿತ್ಸೆಯ ಮಾತು. ಅದೂ ತಡವಾದಷ್ಟು ಫಲ ಕಡಿಮೆ. ನನಗೀಗ ಏಳನೆಯ ವಾರ.