ಮೊದಲು ಗ್ರಾಫ್, ಆಮೇಲೆ ಬೆಟ್ಟ-ಗುಡ್ಡ

ಸ್ಟ್ರಾಟಜಿ ಗೇಮ್‌ಗೆ ಒಂದು ಕಾಲ್ಪನಿಕ ಲೋಕದ ಮ್ಯಾಪ್ ಮಾಡೋಣ ಅಂತ ಕೂತರೆ ನಾವೆಲ್ಲ ಮೊದಲು ಬರೆಯೋದು ಡ್ರ್ಯಾಗನ್ ಗುಹೆ, ಹಿಮದ ಬೆಟ್ಟ, ಮಾಯಾವಿಯ ಕಾಡು. ಚಿತ್ರ ಚೆನ್ನಾಗೇ ಬರುತ್ತೆ. ಆದರೆ ಆಟ ಶುರುವಾದ ಅರ್ಧ ಗಂಟೆಗೆ ಒಬ್ಬ ಮೂರು ಕಡೆಯಿಂದ ಏಟು ತಿಂದು ಔಟ್ ಆಗಿ, ಉಳಿದ ಹೊತ್ತೆಲ್ಲ ಮೊಬೈಲ್ ನೋಡ್ತಾ ಕೂರ್ತಾನೆ. ಅವನು ಸೋತಿದ್ದು ಆಡೋಕೆ ಬರದೆ ಅಲ್ಲ, ಸಿಕ್ಕ ಜಾಗದಿಂದ. ಮುಂದಿನ ಸಲ ಕರೆದರೆ ಬರೋದೂ ಅನುಮಾನ.

ಇದಕ್ಕೊಂದು ಒಳ್ಳೆಯ ಪಾಠ ‘ರಿಸ್ಕ್’ ಬೋರ್ಡಿನಲ್ಲಿದೆ. 1957ರಲ್ಲಿ ಫ್ರಾನ್ಸಿನಲ್ಲಿ ಬಂದ ಆಟ ಇದು. 42 ಪ್ರದೇಶ, 6 ಖಂಡ. ಒಂದು ಖಂಡ ಪೂರ್ತಿ ಹಿಡಿದವರಿಗೆ ಪ್ರತಿ ಸರದಿಗೂ ಬೋನಸ್ ಸೈನ್ಯ. ದಕ್ಷಿಣ ಅಮೆರಿಕದಲ್ಲಿ 4 ಪ್ರದೇಶ, ಬೋನಸ್ 2. ಆಸ್ಟ್ರೇಲಿಯಾದಲ್ಲೂ 4 ಪ್ರದೇಶ, ಬೋನಸ್ 2. ಲೆಕ್ಕದಲ್ಲಿ ಎರಡೂ ಸಮ. ಆದರೆ ದಕ್ಷಿಣ ಅಮೆರಿಕಕ್ಕೆ ಶತ್ರು ಎರಡು ಕಡೆಯಿಂದ ಬರಬಹುದು: ಮಧ್ಯ ಅಮೆರಿಕದಿಂದ ವೆನೆಜುವೆಲಾಕ್ಕೆ, ಉತ್ತರ ಆಫ್ರಿಕಾದಿಂದ ಬ್ರೆಜಿಲ್‌ಗೆ. ಆಸ್ಟ್ರೇಲಿಯಾಕ್ಕೆ ಇರೋದು ಒಂದೇ ಬಾಗಿಲು, ಇಂಡೋನೇಷ್ಯಾ. ಅಲ್ಲಿ ಸೈನ್ಯ ಗುಡ್ಡೆ ಹಾಕಿದರೆ ಮುಗೀತು. ಏಷ್ಯಾಕ್ಕೆ ಬೋನಸ್ 7 ಇದ್ದರೂ, 12 ಪ್ರದೇಶ ಹಿಡಿದು 5 ಗಡಿ ಕಾಯಬೇಕು.

ಅಂದರೆ, ಜಾಗದ ಬಲ ಅದರ ವಿಸ್ತೀರ್ಣದಲ್ಲಿಲ್ಲ, ಅದಕ್ಕಿರುವ ದಾರಿಗಳಲ್ಲಿದೆ. ಕ್ಲಾಸಿನಲ್ಲಿ ಓದಿದ ಗ್ರಾಫ್ ಥಿಯರಿ ಇಲ್ಲಿ ಕೆಲಸಕ್ಕೆ ಬರುತ್ತೆ: ಪ್ರದೇಶ ಅಂದರೆ ನೋಡ್, ದಾರಿ ಅಂದರೆ ಎಡ್ಜ್.

ನಾಲ್ಕು ಜನರ ಆಟ ಅಂದುಕೊಳ್ಳೋಣ. ಒಬ್ಬೊಬ್ಬರಿಗೂ 6 ಪ್ರದೇಶದ ರಾಜ್ಯ, ನಟ್ಟನಡುವೆ ಒಂದು ಹಾಳುಕೋಟೆ. ಒಟ್ಟು 25 ನೋಡ್. ಚಿತ್ರ ಬರೆಯೋ ಮೊದಲೇ ಇಷ್ಟನ್ನು ಎಣಿಸೋಣ: ಪ್ರತಿ ರಾಜಧಾನಿಯಿಂದ ಕೋಟೆಗೆ 3 ಹೆಜ್ಜೆ, ಪಕ್ಕದ ರಾಜಧಾನಿಗೆ 5 ಹೆಜ್ಜೆ, ಪ್ರತಿ ರಾಜ್ಯಕ್ಕೂ 3 ಬಾಗಿಲು. ಈ ಸಂಖ್ಯೆಗಳು ನಾಲ್ವರಿಗೂ ಒಂದೇ ಇದ್ದರೆ ಅರ್ಧ ಕೆಲಸ ಆಯ್ತು. ಕೋಟೆಗೆ ಒಳ್ಳೆ ಬೋನಸ್ ಕೊಡಬಹುದು, ಯಾಕಂದ್ರೆ ಅದಕ್ಕೆ ನಾಲ್ಕು ಕಡೆಯಿಂದಲೂ ದಾರಿ ಇದೆ. ಹಿಡಿಯೋದು ಸುಲಭ, ಉಳಿಸಿಕೊಳ್ಳೋದು ಕಷ್ಟ.

ಹಾಗಂತ ನಾಲ್ಕೂ ರಾಜ್ಯ ಕನ್ನಡಿ ಹಿಡಿದ ಹಾಗೆ ಒಂದೇ ಥರ ಕಾಣಬೇಕಿಲ್ಲ. ಒಂದು ಅಗಲವಾದ ಮರುಭೂಮಿ ಆಗಲಿ, ಇನ್ನೊಂದು ಪುಟ್ಟ ದ್ವೀಪಗಳ ಗುಂಪಾಗಲಿ. ಕೆಳಗಿನ ಗ್ರಾಫ್ ಬದಲಾಗದಿದ್ದರೆ ಸಾಕು.

ಇನ್ನು ಮ್ಯಾಪ್ ಓದೋಕೆ ಸುಲಭ ಇರಬೇಕು. ‘ಇಲ್ಲಿಂದ ಅಲ್ಲಿಗೆ ಹೋಗಬಹುದಾ?’ ಅಂತ ಆಟದ ಮಧ್ಯೆ ಯಾರೂ ಕೇಳಬಾರದು. ನಾಲ್ಕು ಪ್ರದೇಶಗಳ ಮೂಲೆ ಒಂದೇ ಬಿಂದುವಿನಲ್ಲಿ ಸೇರಿದರೆ ಎದುರುಬದುರಿನವು ನೆರೆಯೋ ಅಲ್ಲವೋ ಅಂತ ಜಗಳ ಖಾತ್ರಿ. ಗಡಿಯನ್ನು ಸ್ವಲ್ಪ ಸರಿಸಿಬಿಡಿ. ಬೆಟ್ಟದ ಸಾಲು ದಾರಿ ತಡೆಯುತ್ತೆ ಅಂದರೆ ಎಲ್ಲ ಕಡೆಯೂ ತಡೆಯಲಿ. ಸಮುದ್ರದ ದಾರಿಗೆ ಚುಕ್ಕಿಗೆರೆ ಹಾಕಿ. ಕೆಂಪು-ಹಸಿರು ವ್ಯತ್ಯಾಸ ಕೆಲವರ ಕಣ್ಣಿಗೆ ಕಾಣೋದಿಲ್ಲ, ಹಾಗಾಗಿ ಬಣ್ಣದ ಜೊತೆ ಒಂದೊಂದು ಗುರುತೂ ಇರಲಿ. ಹೆಸರುಗಳು ಚಿಕ್ಕದಾಗಿರಲಿ.

ಕೊನೆಗೆ ಆಡಿಯೇ ನೋಡಬೇಕು. ಅದೇ ನಾಲ್ಕು ಜನ ಪ್ರತಿ ಆಟಕ್ಕೂ ರಾಜ್ಯ ಬದಲಿಸಿಕೊಂಡು ಆಡಿ, ಗೆದ್ದವರ ಹೆಸರಿನ ಜೊತೆ ಗೆದ್ದ ರಾಜ್ಯವನ್ನೂ ಬರೆದಿಡಿ. ಯಾರೇ ಕೂತರೂ ಅದೇ ರಾಜ್ಯ ಗೆಲ್ತಾ ಇದ್ದರೆ ಅದರ ಬೋನಸ್‌ಗೆ ಕೈ ಹಾಕೋ ಮೊದಲು ಬಾಗಿಲು ಎಣಿಸಿ.